ತೆಂಗಿನ ಗರಿಯ ಕಪ್ಪು ಚುಕ್ಕೆ: ಔಷಧಿ ಹೊಡೆಯುವ ಮುಂಚೆ ಎಣಿಸಿ ನೋಡಿ

ಪ್ರಶ್ನೆ: ಮೇಡಂ, ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಐದು ಎಕರೆ ರೊಬಸ್ಟಾ ಕಾಫಿ ತೋಟ. ಮನೆ ಸುತ್ತ ಮತ್ತು ಗದ್ದೆ ಅಂಚಿನಲ್ಲಿ ಹದಿನಾಲ್ಕು ತೆಂಗಿನ ಮರ ಇವೆ. ಹೋದ ವರ್ಷದಿಂದ ಗರಿಯ ಅಡಿಯಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಬಿಳಿ ಕಾಣುತ್ತಿದೆ. ಅಲ್ಲಾಡಿಸಿದರೆ ಸಣ್ಣ ಬಿಳಿ ಹುಳು ಹಾರುತ್ತವೆ. ಕೆಳಗಿನ ಕಾಫಿ ಎಲೆ, ಮೆಣಸಿನ ಬಳ್ಳಿ ಎಲ್ಲ ಮಸಿ ಬಳಿದ ಹಾಗೆ ಕಪ್ಪಾಗಿದೆ. ಗೊಬ್ಬರದ ಅಂಗಡಿಯವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬೇರಿಗೆ ಕಟ್ಟಿ, ಇಲ್ಲವೇ ಸ್ಪ್ರೇ ಮಾಡಿ, ಕಾಫಿ ಅರಳಿಸುವ ಹೂ ಮಳೆಗೆ ಮುಂಚೆ ಮುಗಿಸಿ ಎಂದರು. ಬೆಂಗಳೂರಿನಲ್ಲಿರುವ ನಮ್ಮ ಭಾವನ ಮಗ, ಔಷಧಿ ಬೇಡ, ಬಿಳಿ ನೊಣ ಕೊಲ್ಲುವ ಕಣಜದ ಕಾರ್ಡ್ ಆನ್‌ಲೈನಲ್ಲಿ ಸಿಗುತ್ತದೆ ಎನ್ನುತ್ತಾನೆ. ಕಣಜ ಅಂದ ಕೂಡಲೇ ನಮ್ಮ ಅತ್ತೆಗೆ ಭಯ. ಹೋದ ಸಲ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಕಣಜದ ಗೂಡಿಗೆ ಕತ್ತಿ ತಾಗಿ ಇಬ್ಬರು ಕೆಲಸದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಾಲ್ಕು ಜೇನು ಪೆಟ್ಟಿಗೆ ಇವೆ. ಜೇನಿಗೂ ಈ ಕಣಜ ಕಾಟ ಕೊಡುತ್ತದಾ? ಇನ್ನೊಂದು ವಿಷಯ. ಈಗ ಒಂದು ತಿಂಗಳಿಂದ ಆ ಬಿಳಿಯ ನಡುವೆ ಕಪ್ಪು ಚುಕ್ಕೆಗಳೂ ಕಾಣುತ್ತಿವೆ. ಇದು ಹೊಸ ರೋಗವಾ? ಹಿತ್ತಲಿನ ಟೊಮೆಟೊ ಗಿಡದ ಎಲೆ ಮುದುರಿಕೊಂಡಿದೆ, ಅದಕ್ಕೂ ಇದೇ ಹುಳು ಕಾರಣವಾ? ದಯವಿಟ್ಟು ಬೇಗ ತಿಳಿಸಿ.

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವ ಮಾತಿನಿಂದಲೇ ಶುರು ಮಾಡುತ್ತೇನೆ. ಬಿಳಿಯ ನಡುವೆ ಕಪ್ಪು ಚುಕ್ಕೆ ಕಾಣುತ್ತಿದೆ ಅಂದಿರಲ್ಲ, ಅದನ್ನು ಓದಿ ನನಗೆ ಸಂತೋಷವಾಯಿತು. ಅದು ಹೊಸ ರೋಗ ಇರಲಾರದು. ಬಿಳಿ ನೊಣದ ಮರಿಯ ಹೊಟ್ಟೆಯೊಳಗೆ ಒಂದು ಪುಟ್ಟ ಕಣಜ ಬೆಳೆಯುತ್ತಿದ್ದರೆ ಆ ಮರಿ ಹೀಗೆ ಕಪ್ಪಾಗುತ್ತದೆ. ದುಡ್ಡು ಕೊಟ್ಟು ತರಿಸಬೇಕು ಅಂದುಕೊಂಡ ಕಣಜ ನಿಮ್ಮ ತೋಟಕ್ಕೆ ಆಗಲೇ ಬಂದಿರಬಹುದು. ಹಾಗಾಗಿ ಒಂದು ಮಾತು ಮೊದಲೇ ಕೇಳಿಕೊಳ್ಳುತ್ತೇನೆ. ಆ ಚುಕ್ಕೆಗಳನ್ನು ಎಣಿಸಿ ನೋಡುವ ತನಕ ಏನನ್ನೂ ಹೊಡೆಯಬೇಡಿ, ಬೇರಿಗೂ ಕಟ್ಟಬೇಡಿ. ಹೇಗೆ ಎಣಿಸುವುದು ಅಂತ ಕೆಳಗೆ ಬರೆದಿದ್ದೇನೆ.

ಅದಕ್ಕೂ ಮುಂಚೆ ಅತ್ತೆಯವರ ಭಯದ ಬಗ್ಗೆ. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮರಗಸಿ ಸಮಯದಲ್ಲಿ ಕಣಜದ ಗೂಡು ಎದ್ದರೆ ಏನಾಗುತ್ತದೆ ಅಂತ ಕೊಡಗಿನಲ್ಲಿ ತೋಟ ಇರುವ ಎಲ್ಲರಿಗೂ ಗೊತ್ತು. ಆದರೆ ನಾನು ಹೇಳುತ್ತಿರುವ ಕಣಜಕ್ಕೂ ಆ ಕಣಜಕ್ಕೂ ಹೆಸರು ಮಾತ್ರ ಒಂದು. ಇದರ ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ರಾಗಿ ಕಾಳಿನ ಪಕ್ಕ ಇಟ್ಟರೆ ಕಾಳೇ ದೊಡ್ಡದು. ಇದು ಗೂಡು ಕಟ್ಟುವುದಿಲ್ಲ, ಗುಂಪಾಗಿ ಬಾಳುವುದಿಲ್ಲ. ಹೆಣ್ಣಿಗೆ ಹಿಂದೆ ಸೂಜಿಯಂಥ ಒಂದು ಅಂಗ ಇದೆ, ನಿಜ. ಅದು ಮೊಟ್ಟೆ ಇಡುವುದಕ್ಕೆ. ಬಿಳಿ ನೊಣದ ಮರಿಯ ಮೈ ಚುಚ್ಚುವಷ್ಟೇ ಅದರ ಶಕ್ತಿ, ಮನುಷ್ಯರ ಚರ್ಮಕ್ಕೆ ಅದು ಇಳಿಯುವುದಿಲ್ಲ. ಮಗುವಿನ ಕೈ ಮೇಲೆ ಬಂದು ಕೂತರೂ ಗೊತ್ತಾಗುವುದಿಲ್ಲ. ಜೇನು ಪೆಟ್ಟಿಗೆಗೆ ನುಗ್ಗಿ ಹುಳ ಹಿಡಿಯುವುದು ದೊಡ್ಡ ಜಾತಿಯ ಕಣಜಗಳು. ಇವಕ್ಕೆ ಜೇನಿನ ಗೊಡವೆಯೇ ಇಲ್ಲ, ಕಾಫಿ ಗಿಡದ್ದೂ ಬೇಡ.

ಇನ್ನು ಬಿಳಿ ನೊಣ. ಹೆಸರಲ್ಲಿ ನೊಣ ಇದ್ದರೂ ಇದು ನೊಣದ ಜಾತಿಯಲ್ಲ. ನಮ್ಮ ಕಾಫಿಯ ಹಿಟ್ಟು ತಿಗಣೆ, ಹಸಿರು ತಿಗಣೆಗಳ ಹತ್ತಿರದ ಬಂಧು. ಅವುಗಳ ಹಾಗೇ ಎಲೆಗೆ ಸೂಜಿ ಚುಚ್ಚಿ ರಸ ಹೀರುತ್ತದೆ. ಮೊಟ್ಟೆಯಿಂದ ಬಂದ ಮರಿ ಸ್ವಲ್ಪ ದೂರ ತೆವಳಿ ಒಂದು ಜಾಗ ಹಿಡಿದು ಕೂರುತ್ತದೆ. ಆಮೇಲೆ ರೆಕ್ಕೆ ಬರುವ ತನಕ ಅಲ್ಲಿಂದ ಕದಲುವುದಿಲ್ಲ. ಈ ಸ್ವಭಾವವನ್ನು ನೆನಪಿಟ್ಟುಕೊಳ್ಳಿ, ಕಣಜಕ್ಕೆ ಅನುಕೂಲ ಆಗುವುದೇ ಇದರಿಂದ.

ನೀವು ಬರೆದ ಲಕ್ಷಣ ನೋಡಿದರೆ ನಿಮ್ಮಲ್ಲಿ ಬಂದಿರುವುದು ರುಗೋಸ್ ಸುರುಳಿ ಬಿಳಿ ನೊಣ ಅನಿಸುತ್ತದೆ. ಮಧ್ಯ ಅಮೆರಿಕದ ಕಡೆಯ ಕೀಟ. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ಪೊಳ್ಳಾಚಿ ಮತ್ತು ಪಾಲಕ್ಕಾಡು ಕಡೆಯ ತೆಂಗಿನ ತೋಟಗಳಲ್ಲಿ. ಮೊಟ್ಟೆಯನ್ನು ಸುರುಳಿ ಸುರುಳಿಯಾಗಿ ಇಟ್ಟು, ಮೇಲೆ ಬಿಳಿ ಮೇಣ ಉದುರಿಸುತ್ತದೆ. ರಂಗೋಲಿ ಎಳೆ ಎಳೆದ ಹಾಗೆ ಕಾಣುತ್ತದೆ. ತೆಂಗು ಬಿಟ್ಟರೆ ಬಾಳೆ, ಸೀಬೆ ಇದಕ್ಕೆ ಇಷ್ಟ. ನಿಮ್ಮ ಬಾಳೆ ಎಲೆಯ ಅಡಿಭಾಗವನ್ನೂ ಒಮ್ಮೆ ತಿರುಗಿಸಿ ನೋಡಿ.

ಕಾಫಿ ಎಲೆಯ ಮಸಿ ಬೇರೆ ಸಂಗತಿ. ಬಿಳಿ ನೊಣ ಹೀರಿದ ರಸದಲ್ಲಿ ಸಕ್ಕರೆ ಜಾಸ್ತಿ. ಜೀರ್ಣವಾಗದ್ದನ್ನು ಸಿಹಿ ಅಂಟಾಗಿ ಕೆಳಗೆ ಉದುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ಬೂಸ್ಟು ಎಲೆಯೊಳಗೆ ಇಳಿಯುವುದಿಲ್ಲ, ಎಲೆಗೆ ರೋಗ ತರುವುದಿಲ್ಲ. ಬಿಸಿಲನ್ನು ತಡೆಯುತ್ತದೆ, ಅಷ್ಟೇ. ಮೇಲಿನ ಅಂಟು ನಿಂತರೆ ಮಸಿ ತಾನಾಗಿ ಒಣಗಿ ಸಿಪ್ಪೆಯಂತೆ ಉದುರುತ್ತದೆ. ಇದಕ್ಕೆ ಶಿಲೀಂಧ್ರನಾಶಕ ಹೊಡೆಯುವವರನ್ನು ನೋಡಿದ್ದೇನೆ. ಆ ಖರ್ಚು ಬೇಡ. ತೆಂಗಿನ ಮರವೂ ಇದರಿಂದ ಸಾಯುವುದಿಲ್ಲ. ಸೊರಗುತ್ತದೆ, ಫಸಲು ಕಡಿಮೆಯಾಗಬಹುದು. ನೋಡುವುದಕ್ಕೆ ಭಯವಾಗುವಷ್ಟು ಕೆಟ್ಟದಾಗಿ ಕಾಣುತ್ತದೆ, ಅದು ನಿಜ. ಆ ನೋಟದಿಂದಲೇ ಜನ ಗಾಬರಿಯಾಗಿ ಪವರ್ ಸ್ಪ್ರೇಯರ್ ಹೊರಗೆ ತೆಗೆಯುತ್ತಾರೆ.

ಈಗ ಕಣಜದ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಮುಂದಿನ ಸಲಹೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ತೆಂಗಿನ ಬಿಳಿ ನೊಣವನ್ನು ಹಿಡಿಯುವ ಮುಖ್ಯ ಕಣಜದ ಹೆಸರು ಎನ್‌ಕಾರ್ಸಿಯಾ ಗ್ವಾಡೆಲೂಪೆ. ಹೆಣ್ಣು ಕಣಜ ಎಲೆಯ ಅಡಿಯಲ್ಲಿ ನಡೆಯುತ್ತಾ ಮೀಸೆಯಿಂದ ಒಂದೊಂದೇ ಮರಿಯನ್ನು ತಟ್ಟಿ ನೋಡುತ್ತದೆ. ಸರಿ ಅನಿಸಿದರೆ ತಿರುಗಿ ನಿಂತು, ಮರಿಯ ಮೈಗೆ ಚುಚ್ಚಿ ಒಂದು ಮೊಟ್ಟೆ ಇಡುತ್ತದೆ. ಅಂಟಿ ಕೂತ ಮರಿ ಎಲ್ಲಿಗೆ ಓಡೀತು ಹೇಳಿ? ಮೊಟ್ಟೆಯೊಡೆದ ಕಣಜದ ಮರಿ ಒಳಗಿನಿಂದಲೇ ಬಿಳಿ ನೊಣದ ಮರಿಯನ್ನು ತಿಂದು, ಅದರ ಸಿಪ್ಪೆಯೊಳಗೇ ಕೋಶವಾಗುತ್ತದೆ. ಆ ಹೊತ್ತಿಗೆ ಹೊರಗಿನಿಂದ ಕಪ್ಪು ಕಾಣುತ್ತದೆ. ಕೊನೆಗೆ ಸಿಪ್ಪೆಯ ಬೆನ್ನಿನಲ್ಲಿ ದುಂಡನೆಯ ತೂತು ಕೊರೆದು ಹೊಸ ಕಣಜ ಹೊರಗೆ ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಇದಕ್ಕೆಲ್ಲ ಎರಡು ಮೂರು ವಾರ ಸಾಕು. ಮಡಿಕೇರಿ ಕಡೆಯ ಚಳಿಯಲ್ಲಿ ಇನ್ನೂ ನಿಧಾನ.

ಈ ಕಣಜವನ್ನು ರುಗೋಸ್ ನೊಣಕ್ಕಾಗಿ ಯಾರೂ ವಿದೇಶದಿಂದ ತರಿಸಿದ್ದಲ್ಲ ಅನ್ನುವುದು ನನಗೆ ಇವತ್ತಿಗೂ ಬೆರಗು. 1993ರಲ್ಲಿ ಕೇರಳದಲ್ಲಿ ಇನ್ನೊಂದು ಸುರುಳಿ ಬಿಳಿ ನೊಣ ಕಂಡಿತ್ತು. ಅದರ ಬೆನ್ನು ಹತ್ತಿ ಈ ಕಣಜ ಲಕ್ಷದ್ವೀಪದ ಮಿನಿಕಾಯ್‌ಗೆ ತಾನಾಗಿಯೇ ಬಂದು ಸೇರಿತ್ತು. ಅಲ್ಲಿಂದ ನಮ್ಮ ವಿಜ್ಞಾನಿಗಳು ಅದನ್ನು ಒಳನಾಡಿಗೂ ತಂದು ಬಿಟ್ಟರು. 2016ರಲ್ಲಿ ರುಗೋಸ್ ಬಂದಾಗ ಹಳೆಯ ಕಣಜ ಹೊಸ ನೊಣಕ್ಕೂ ಹೊಂದಿಕೊಂಡಿತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಂದಿನಿಂದ ರೈತರಿಗೆ ಹೇಳಿಕೊಂಡು ಬಂದಿರುವುದೂ ಇದನ್ನೇ: ಕೀಟನಾಶಕ ಬಳಸಬೇಡಿ, ಕಣಜವನ್ನು ಉಳಿಸಿಕೊಳ್ಳಿ.

ಇದು ಹೊಸ ವಿದ್ಯೆಯೂ ಅಲ್ಲ. ಇಂಗ್ಲೆಂಡಿನ ಚೆಶಂಟ್‌ನಲ್ಲಿ 1926ರ ಸುಮಾರಿಗೆ ಗಾಜಿನ ಮನೆಯ ಟೊಮೆಟೊ ಬೆಳೆಗಾರರೊಬ್ಬರು, ನಿಮ್ಮ ಹಾಗೆಯೇ, ಬಿಳಿ ನೊಣದ ಮರಿಗಳ ನಡುವೆ ಕಪ್ಪು ಮರಿಗಳಿರುವುದನ್ನು ಗಮನಿಸಿ ಸಂಶೋಧನಾ ಕೇಂದ್ರಕ್ಕೆ ತೋರಿಸಿದರು. ಅದರೊಳಗಿಂದ ಬಂದಿದ್ದು ಎನ್‌ಕಾರ್ಸಿಯಾ ಫಾರ್ಮೋಸಾ ಎಂಬ ಕಣಜ. ಕೆಲವೇ ವರ್ಷಗಳಲ್ಲಿ ಅಲ್ಲಿಂದ ಲಕ್ಷಗಟ್ಟಲೆ ಕಣಜಗಳನ್ನು ಸಾಕಿ ಬೆಳೆಗಾರರಿಗೆ ಹಂಚಿದರು. 1940ರ ದಶಕದಲ್ಲಿ ಡಿಡಿಟಿಯಂಥ ಔಷಧಿಗಳು ಬಂದ ಮೇಲೆ ಎಲ್ಲರೂ ಕಣಜವನ್ನು ಮರೆತರು. ಕೀಟಗಳು ಔಷಧಿಗೆ ಬಗ್ಗದೆ ಹೋದಾಗ, 1970ರ ದಶಕದಲ್ಲಿ ಮತ್ತೆ ಅದನ್ನೇ ಹುಡುಕಿಕೊಂಡು ಬಂದರು.

ಕೊಡಗಿನವರಿಗೂ ಇದು ಹೊಸತಲ್ಲ. ಹಿಟ್ಟು ತಿಗಣೆಗೆ ಬಿಡುವ ಲೆಪ್ಟೋಮ್ಯಾಸ್ಟಿಕ್ಸ್ ಕಣಜವನ್ನು ನಿಮ್ಮ ಮನೆಯ ಹಿರಿಯರು ಕೇಳಿರುತ್ತಾರೆ. ಅದು 1983ರಲ್ಲಿ ವೆಸ್ಟ್ ಇಂಡೀಸ್‌ನಿಂದ ಬಂದು, ನಮ್ಮ ಕಾಫಿ ಮತ್ತು ಕಿತ್ತಳೆ ತೋಟಗಳಲ್ಲಿ ನೆಲೆ ನಿಂತ ಕಣಜ. ಕಾಫಿ ಮಂಡಳಿಯವರು ಅದನ್ನು ಸಾಕಿ ಬೆಳೆಗಾರರಿಗೆ ಕೊಡುತ್ತಾ ಬಂದಿದ್ದಾರೆ. ಅದು ಯಾರನ್ನಾದರೂ ಕಚ್ಚಿದ್ದನ್ನು ಕೇಳಿದ್ದೀರಾ ಅಂತ ಅತ್ತೆಯವರನ್ನೇ ಕೇಳಿ ನೋಡಿ.

ಹಾಗಾದರೆ ಕಣಜ ಇದ್ದೂ ಬಿಳಿ ನೊಣ ಇಷ್ಟು ಯಾಕೆ ಆಯಿತು? ಇಲ್ಲಿ ಸ್ವಲ್ಪ ತಾಳ್ಮೆ ಬೇಕಾಗುತ್ತದೆ. ಊಟ ಇಲ್ಲದ ಕಡೆ ಕಣಜ ಇರುವುದಿಲ್ಲ. ಮೊದಲು ನೊಣ ಹೆಚ್ಚುತ್ತದೆ, ಹಿಂದಿನಿಂದ ಕಣಜ ಹೆಚ್ಚುತ್ತದೆ. ಈ ಎರಡರ ನಡುವಿನ ಎರಡು ಮೂರು ತಿಂಗಳೇ ಮರ ಅತಿ ಕೆಟ್ಟದಾಗಿ ಕಾಣುವ ಕಾಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆ ದೊಡ್ಡ ಹುಳುಗಳನ್ನೇ ತೊಳೆದು ಹಾಕುತ್ತದೆ. ಆಗ ನೊಣವೂ ಇಳಿಯುತ್ತದೆ, ಕಣಜವೂ ಇಳಿಯುತ್ತದೆ. ಜನವರಿ ಕಳೆದು ಬಿಸಿಲು ಏರುತ್ತಿದ್ದಂತೆ ನೊಣ ಮೊದಲು ಎದ್ದು ಕೂರುತ್ತದೆ. ನೀವು ಪತ್ರ ಬರೆದಿರುವುದು ಸರಿಯಾಗಿ ಆ ಹೊತ್ತಿನಲ್ಲಿ.

ಇದರ ಜೊತೆಗೆ ಇನ್ನೆರಡು ಸಣ್ಣ ಕಾರಣ ಇರಬಹುದು. ಒಂದು ಧೂಳು. ರಸ್ತೆ ಬದಿಯ ಮರಗಳಲ್ಲಿ ಎಲೆ ಮೇಲೆ ಧೂಳು ಕೂತರೆ ಕಣಜಕ್ಕೆ ನಡೆದಾಡುವುದು, ಮರಿ ಹುಡುಕುವುದು ಎರಡೂ ಕಷ್ಟ. ಇನ್ನೊಂದು ಇರುವೆ. ಸಿಹಿ ಅಂಟಿನ ಆಸೆಗೆ ಬಂದ ಇರುವೆ ಕಣಜವನ್ನು ಓಡಿಸುತ್ತದೆ. ಹಿಟ್ಟು ತಿಗಣೆಗೆ ಕಣಜ ಬಿಡುವ ಮೊದಲು ಇರುವೆ ಹತೋಟಿ ಮಾಡಿ ಅಂತ ಹೇಳುವುದು ಇದಕ್ಕೇ.

ಈಗ ಅಂಗಡಿಯವರ ಸಲಹೆಗೆ ಬರೋಣ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇಮಿಡಾಕ್ಲೋಪ್ರಿಡ್ ಹೊಡೆದರೆ ವಾರದೊಳಗೆ ಹಾರುವ ನೊಣ ಕಡಿಮೆಯಾಗುವುದು ನಿಜ. ಹಾಗಾಗಿ ಎಲ್ಲರಿಗೂ ನಂಬಿಕೆ ಬರುತ್ತದೆ. ಆಮೇಲೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕುಶಾಲನಗರದ ಕಡೆಯ ಒಂದು ತೋಟದಲ್ಲಿ ಸೀಬೆ ಗಿಡಗಳಿಗೆ ಬಿಳಿ ನೊಣ ಬಂದಿತ್ತು. ಔಷಧಿ ಹೊಡೆಯಿರಿ ಎಂದು ಸಲಹೆ ಕೊಟ್ಟವಳು ನಾನೇ. ಎಲೆ ತಿರುಗಿಸಿ ನೋಡಿದ್ದೆ. ಕಪ್ಪು ಮರಿಗಳಿದ್ದವು. ಲೆನ್ಸ್ ಹಿಡಿದು ನೋಡಿರಲಿಲ್ಲ, ಅದು ಮಸಿ ಇರಬೇಕು ಎಂದು ಬಿಟ್ಟಿದ್ದೆ. ಹತ್ತು ದಿನದಲ್ಲಿ ಗಿಡ ಚೊಕ್ಕವಾಯಿತು. ಎರಡೂವರೆ ತಿಂಗಳ ಮೇಲೆ ಹೋದರೆ ಮುಂಚಿಗಿಂತ ಜಾಸ್ತಿ ನೊಣ. ಕಪ್ಪು ಮರಿ ಒಂದೂ ಇಲ್ಲ. ಆ ತೋಟದ ಯಜಮಾನರು ಮೂರು ಸಲ ಹೊಡೆದರು, ಮೂರು ಸಲವೂ ಅದೇ ಆಯಿತು. ಅವರು ಕಳೆದುಕೊಂಡ ದುಡ್ಡು ಮತ್ತು ಒಂದು ವರ್ಷದ ಫಸಲು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅವತ್ತಿನಿಂದ ಎಣಿಸದೆ ಯಾರಿಗೂ ಔಷಧಿ ಹೇಳಿಲ್ಲ.

ಕಾರಣ ಸರಳ. ಬಿಳಿ ನೊಣದ ಮೊಟ್ಟೆ ಮತ್ತು ಮೇಣ ಹೊದ್ದ ಮರಿಗಳು ಎಲೆಯ ಅಡಿಯಲ್ಲಿ ಅಡಗಿ ಎಷ್ಟೋ ಉಳಿದುಕೊಳ್ಳುತ್ತವೆ. ಕಣಜಕ್ಕೆ ಆ ರಕ್ಷಣೆ ಇಲ್ಲ. ಅದು ಎಲೆ ಮೇಲೆಲ್ಲ ನಡೆದು ಹುಡುಕಬೇಕು. ಔಷಧಿಯ ಪಸೆ ಇರುವ ಎಲೆ ಮೇಲೆ ನಡೆದರೆ ಸಾಯುತ್ತದೆ. ಉಳಿದ ನೊಣಕ್ಕೆ ಆಮೇಲೆ ಶತ್ರುವೇ ಇಲ್ಲ. ಸೈಪರ್‌ಮೆಥ್ರಿನ್, ಲ್ಯಾಮ್ಡಾ ಸೈಹಲೋಥ್ರಿನ್ ಥರದವು ಇನ್ನೂ ಕೆಟ್ಟವು, ಅವುಗಳ ಪಸೆ ವಾರಗಟ್ಟಲೆ ಎಲೆ ಮೇಲೆ ಉಳಿಯುತ್ತದೆ.

ಬೇರಿಗೆ ಕಟ್ಟಿದರೆ ಕಣಜಕ್ಕೆ ತಾಗುವುದಿಲ್ಲವಲ್ಲ ಅಂತ ನೀವು ಕೇಳಬಹುದು. ತಾಗುವುದು ಕಡಿಮೆ, ಹೌದು. ಆದರೆ ಔಷಧಿ ಮರದ ರಸದ ಜೊತೆ ಎಲ್ಲ ಕಡೆ ಹೋಗುತ್ತದೆ, ಹೂವಿಗೂ ಹೋಗುತ್ತದೆ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವ ಮರ. ನಿಮ್ಮ ಪೆಟ್ಟಿಗೆಯ ತುಡುವೆ ಜೇನು ಕಾಫಿ ಹೂ ಇಲ್ಲದ ತಿಂಗಳುಗಳಲ್ಲಿ ಬದುಕುವುದೇ ಇಂಥ ಮರಗಳಿಂದ. ಇಮಿಡಾಕ್ಲೋಪ್ರಿಡ್ ಜೇನಿಗೆ ಬಹಳ ವಿಷ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದೇ ಗುಂಪಿನ ಇನ್ನೆರಡು ಔಷಧಿಗಳನ್ನೂ ಬಯಲಿನ ಬೆಳೆಗೆ ನಿಷೇಧಿಸಿದ್ದು ಜೇನಿನ ಕಾರಣಕ್ಕೆ. ಮನೆಯ ಮಕ್ಕಳು ಎಳನೀರು ಕುಡಿಯುವುದೂ ಅದೇ ಮರದಿಂದ ಅಲ್ವಾ? ಇನ್ನು ಹೂ ಮಳೆಗೆ ಮುಂಚೆ ಸ್ಪ್ರೇ ಮುಗಿಸಿ ಅಂದರಲ್ಲ, ಆ ಮಾತು ನನಗೆ ತುಂಬ ಕಳವಳ ತಂದಿತು. ಮಳೆ ಬಿದ್ದು, ಇಲ್ಲವೇ ನೀವು ಸ್ಪ್ರಿಂಕ್ಲರ್ ಹಾಕಿ, ವಾರ ಹತ್ತು ದಿನದಲ್ಲಿ ಕಾಫಿ ಅರಳುತ್ತದೆ. ಹೆಜ್ಜೇನು, ತುಡುವೆ ಎಲ್ಲ ಒಟ್ಟಿಗೆ ಇಳಿಯುತ್ತವೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಜೇನು ಸತ್ತರೆ ಅದರ ನಷ್ಟ ತೆಂಗಿನದ್ದಲ್ಲ, ನಿಮ್ಮ ಕಾಫಿಯದ್ದು.

ಸರಿ, ಎಣಿಸುವುದು ಹೇಗೆ? ಕಾಯಿ ಕೀಳುವವರು ಬಂದಾಗ ನಾಲ್ಕೈದು ಮರಗಳಿಂದ ಒಂದೊಂದು ಗರಿ ಇಳಿಸಿಕೊಡಲು ಹೇಳಿ. ತೀರಾ ಮೇಲಿನ ಎಳೆ ಗರಿ ಬೇಡ, ಅದರಲ್ಲಿ ಬರೀ ಮೊಟ್ಟೆ ಇರುತ್ತದೆ. ತೀರಾ ಕೆಳಗಿನ ಹಳೆಯ ಗರಿಯೂ ಬೇಡ, ಅದರಲ್ಲಿ ಖಾಲಿ ಸಿಪ್ಪೆಗಳೇ ಜಾಸ್ತಿ. ಕೆಳಗಿನಿಂದ ಮೂರನೆಯದೋ ನಾಲ್ಕನೆಯದೋ ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಲೆನ್ಸ್ ತೆಗೆದುಕೊಳ್ಳಿ. ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ಹಿಗ್ಗಿಸಿ ನೋಡಿದರೂ ನಡೆಯುತ್ತದೆ. ಒಂದು ಮೆತ್ತನೆ ಬ್ರಷ್‌ನಿಂದ ಮೇಣವನ್ನು ಮೆಲ್ಲಗೆ ಸರಿಸಿ. ದೊಡ್ಡ ಮರಿಗಳನ್ನು ಮಾತ್ರ ನೂರು ಎಣಿಸಿ. ಅದರಲ್ಲಿ ಕಪ್ಪಾದವು ಎಷ್ಟು, ದುಂಡು ತೂತು ಇರುವವು ಎಷ್ಟು, ಬರೆದುಕೊಳ್ಳಿ.

ಇಲ್ಲಿ ಎರಡು ಕಡೆ ಮೋಸ ಹೋಗಬಹುದು. ಮಸಿ ಕೂತು ಕಪ್ಪಾದ ಮರಿಯನ್ನು ಒದ್ದೆ ಬ್ರಷ್‌ನಿಂದ ಒರೆಸಿದರೆ ಕಪ್ಪು ಹೋಗುತ್ತದೆ. ಕಣಜ ಇರುವ ಮರಿಯ ಕಪ್ಪು ಒಳಗಿನದು, ಒರೆಸಿದರೆ ಹೋಗುವುದಿಲ್ಲ. ಎರಡನೆಯದು ತೂತು. ಬಿಳಿ ನೊಣ ತಾನೇ ಹೊರಗೆ ಬಂದಿದ್ದರೆ ಸಿಪ್ಪೆ ಬೆಳ್ಳಗೆ, ಬೆನ್ನಿನಲ್ಲಿ ಸೀಳು ಇರುತ್ತದೆ. ಕಣಜ ಬಂದಿದ್ದರೆ ತೂತು ಮೊಳೆಯಲ್ಲಿ ಹೊಡೆದ ಹಾಗೆ ದುಂಡಗೆ. ಇನ್ನೂ ಅನುಮಾನ ಇದ್ದರೆ, ಕಪ್ಪು ಮರಿಗಳಿರುವ ಓಲೆಯ ತುಂಡನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿ ಇಡಿ. ಹತ್ತು ಹನ್ನೆರಡು ದಿನದಲ್ಲಿ ಪುಟ್ಟ ಕಣಜಗಳು ಬಟ್ಟೆಯ ಕಡೆಗೆ ಬಂದು ಓಡಾಡುತ್ತವೆ. ಅತ್ತೆಯವರಿಗೆ ತೋರಿಸುವುದಕ್ಕೂ ಆಯಿತು.

ಕಿತ್ತಳೆ ಗಿಡ ಇದ್ದರೆ ಮಾತ್ರ ಈ ಲೆಕ್ಕ ಅಲ್ಲಿಗೆ ಹಾಕಬೇಡಿ. ಕಿತ್ತಳೆ ಜಾತಿಗೆ ಬರುವ ಕಪ್ಪು ನೊಣ ಅಂತ ಒಂದಿದೆ. ಅದೂ ಬಿಳಿ ನೊಣದ ಕುಟುಂಬದ್ದೇ, ಆದರೆ ಅದರ ಮರಿ ಹುಟ್ಟಾ ಕಪ್ಪು. ಮೈತುಂಬ ಮುಳ್ಳು, ಸುತ್ತ ಬಿಳಿ ಅಂಚು. ಅಲ್ಲಿ ಕಪ್ಪು ಅಂದರೆ ಕೀಟವೇ. ದುಂಡು ತೂತು ಇದೆಯಾ ಅಂತ ಮಾತ್ರ ನೋಡಬೇಕು. ಆ ನೊಣ ಮೆಕ್ಸಿಕೊದ ಕಿತ್ತಳೆ ತೋಟಗಳನ್ನು ಹಾಳು ಮಾಡುತ್ತಿದ್ದಾಗ, 1950ರ ಹೊತ್ತಿಗೆ ಅದಕ್ಕೆ ಕಣಜ ಹುಡುಕಿ ತೆಗೆದುಕೊಂಡು ಹೋಗಿದ್ದು ಭಾರತ ಮತ್ತು ಪಾಕಿಸ್ತಾನದಿಂದ. ಅಲ್ಲಿ ಆ ಪೀಡೆಯನ್ನು ಅಡಗಿಸಿದ್ದು ನಮ್ಮ ಕಡೆಯ ಕಣಜಗಳು. ಇದನ್ನು ಹೇಳುವಾಗ ನನಗೆ ಹೆಮ್ಮೆ ಅನಿಸುತ್ತದೆ.

ನಿಮ್ಮ ಲೆಕ್ಕ ನೂರರಲ್ಲಿ 40 ದಾಟಿದ್ದರೆ ನಾನು ಏನೂ ಮಾಡುವುದಿಲ್ಲ. ಗರಿ ಕಡಿದು ಸುಡುವುದೂ ಇಲ್ಲ. ಬಿದ್ದ ಗರಿಯನ್ನು ಎರಡು ಮೂರು ವಾರ ಮರದ ಬುಡದಲ್ಲೇ ಬಿಡಿ, ಅದರೊಳಗಿನ ಕಣಜ ಹೊರಗೆ ಬರಲಿ. 10ರಿಂದ 40ರ ನಡುವೆ ಇದ್ದರೆ ಕಣಜಕ್ಕೆ ಸ್ವಲ್ಪ ಸಹಾಯ ಮಾಡಬಹುದು. ಮನೆ ಸುತ್ತ ಕುಳ್ಳ ಮರಗಳಿದ್ದರೆ ಪೈಪಿನಿಂದ ಗರಿಯ ಅಡಿಗೆ ಜೋರಾಗಿ ನೀರು ಹೊಡೆಯಿರಿ. ನೊಣ, ಅಂಟು, ಧೂಳು ಮೂರೂ ಇಳಿಯುತ್ತವೆ. ಎತ್ತರದ ಮರಕ್ಕೆ ಇದು ಆಗದ ಕೆಲಸ, ಬಿಟ್ಟುಬಿಡಿ.

10ಕ್ಕಿಂತ ಕಡಿಮೆ ಇದ್ದರೆ ಕಣಜ ಇರುವ ಮರದಿಂದ ಇಲ್ಲದ ಮರಕ್ಕೆ ಕಣಜವನ್ನು ಸಾಗಿಸಬೇಕು. ನಿಮ್ಮ ಹದಿನಾಲ್ಕು ಮರಗಳಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಕಪ್ಪು ಹೆಚ್ಚಿರುವ ಮರದ ಓಲೆಗಳನ್ನು ತುಂಡು ಮಾಡಿ, ಸೊಳ್ಳೆ ಪರದೆಯ ಬಟ್ಟೆಯಲ್ಲಿ ಸಡಿಲವಾಗಿ ಚೀಲ ಕಟ್ಟಿ, ಕಣಜ ಇಲ್ಲದ ಮರದ ಗರಿಗೆ ತೂಗುಹಾಕಿ. ರುಗೋಸ್ ನೊಣ ಎರಡು ಮಿಲಿಮೀಟರಿಗೂ ದೊಡ್ಡದು, ಪರದೆಯ ಕಣ್ಣಿನಲ್ಲಿ ಸುಲಭಕ್ಕೆ ತೂರುವುದಿಲ್ಲ. ಕಣಜ ತೂರಿ ಹೊರಗೆ ಬರುತ್ತದೆ. ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಒಂದೆರಡು ಜೀವಂತ ಮರಿಗಳೂ ಜೊತೆಗೆ ಹೋಗಬಹುದು. ಆದ್ದರಿಂದ ನಿಮ್ಮ ತೋಟದೊಳಗೆ ಮಾತ್ರ ಮಾಡಿ. ನೊಣ ಇನ್ನೂ ಬರದ ಊರಿಗೆ, ನೆಂಟರ ತೋಟಕ್ಕೆ ಅಂತ ಒಂದು ಓಲೆಯನ್ನೂ ಕಳಿಸಬೇಡಿ. ತೆಂಗಿನ ನಡುವೆ ಬಾಳೆ, ಕಾಬಾಳೆ ಹೂವಿನ ಗಿಡ ಇರಲಿ. ಅವುಗಳ ಮೇಲೆ ಸ್ವಲ್ಪ ನೊಣ ಉಳಿದು, ಕಣಜಕ್ಕೆ ವರ್ಷವಿಡೀ ಊಟ ಸಿಗುತ್ತದೆ.

ಕಣಜ ಬಹಳ ಕಡಿಮೆ, ನೊಣ ಬಹಳ ಜಾಸ್ತಿ, ಮರ ಸೊರಗುತ್ತಿದೆ ಅನ್ನುವ ಸ್ಥಿತಿ ಇದ್ದರೆ ಬೇವಿನ ಎಣ್ಣೆ ಬಳಸಬಹುದು. ಲೀಟರ್ ನೀರಿಗೆ 5 ಮಿಲಿ, ಬೆರೆಯುವುದಕ್ಕೆ ಸ್ವಲ್ಪ ಸೋಪು. ಸಂಜೆ, ಜೇನು ಪೆಟ್ಟಿಗೆಗೆ ಮರಳಿದ ಮೇಲೆ, ಗರಿಯ ಅಡಿಗೆ ಮಾತ್ರ. ಬೇವು ಕಣಜಕ್ಕೆ ಪೂರ್ತಿ ನಿರಪಾಯ ಅನ್ನಲಾರೆ, ಆದರೆ ಅದರ ಪಸೆ ಬೇಗ ಹೋಗುತ್ತದೆ. ಇನ್ನೊಂದು ದಾರಿ ಐಸೇರಿಯಾ ಎಂಬ ಶಿಲೀಂಧ್ರ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದವರು ಬಿಳಿ ನೊಣಕ್ಕಾಗಿಯೇ ಇದರ ಒಂದು ತಳಿಯನ್ನು ಕೊಟ್ಟಿದ್ದಾರೆ. ಇದಕ್ಕೆ ತೇವ ಬೇಕು, ಫೆಬ್ರವರಿಯ ಒಣ ಬಿಸಿಲಿನಲ್ಲಿ ಹೊಡೆದರೆ ದುಡ್ಡು ದಂಡ. ಮಳೆ ಹಿಡಿಯುವ ಮುಂಚಿನ ಮೋಡದ ದಿನಗಳು ಒಳ್ಳೆಯವು. ಅದೇ ಹೊತ್ತಿಗೆ ನೀವು ಕಾಫಿಗೋ ಅಡಿಕೆಗೋ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುತ್ತೀರಿ. ಮೈಲುತುತ್ತು ಈ ಶಿಲೀಂಧ್ರವನ್ನೂ ಕೊಲ್ಲುತ್ತದೆ, ಎರಡನ್ನೂ ಒಂದೇ ಮರಕ್ಕೆ ಒಟ್ಟಿಗೆ ಮಾಡಬೇಡಿ.

ಕಾಫಿ ಎಲೆಯ ಮಸಿಗೆ ಅವಸರ ಇದ್ದರೆ ತೆಳುವಾದ ಗಂಜಿ ಸಾಕು. ಲೀಟರ್ ನೀರಿಗೆ 10 ಗ್ರಾಂ ಪಿಷ್ಟ ಹಾಕಿ ಕುದಿಸಿ ಆರಿಸಿ ಎಲೆಗೆ ಹೊಡೆದರೆ, ಒಣಗಿ ಸಿಪ್ಪೆ ಏಳುವಾಗ ಮಸಿಯನ್ನೂ ಎತ್ತಿಕೊಂಡು ಬರುತ್ತದೆ. ಹೂ ಅರಳಿದ ದಿನಗಳಲ್ಲಿ ಬೇಡ. ಸ್ಪ್ರಿಂಕ್ಲರ್ ಹಾಕುವವರಿದ್ದರೆ ಅದೂ ಬೇಕಿಲ್ಲ, ಆ ನೀರೇ ಅರ್ಧ ತೊಳೆಯುತ್ತದೆ.

ಭಾವನ ಮಗ ಹೇಳಿದ ಕಾರ್ಡ್ ವಿಚಾರ. ಅವನ ಕಾಳಜಿ ಒಳ್ಳೆಯದು. ಆದರೆ ಮಾರಾಟಕ್ಕೆ ಸಾಮಾನ್ಯವಾಗಿ ಸಿಗುವ ಕಾರ್ಡ್ ಟ್ರೈಕೋಗ್ರಾಮಾ ಕಣಜದ್ದು. ಅದು ಪತಂಗಗಳ ಮೊಟ್ಟೆಯೊಳಗೆ ಬೆಳೆಯುವ ಜಾತಿ. ಕಬ್ಬಿನ ಕೊರಕಕ್ಕೆ, ಭತ್ತದ ಕೊರಕಕ್ಕೆ ಒಳ್ಳೆಯ ಕೆಲಸ ಮಾಡುತ್ತದೆ. ಬಿಳಿ ನೊಣವನ್ನು ಅದು ಮುಟ್ಟುವುದಿಲ್ಲ. ಕಾರ್ಡ್ ಮೇಲೆ ಯಾವ ಕಣಜ ಅಂತ ಬರೆದಿದೆ ಅಂತ ಕೇಳಿ ನೋಡಲಿ. ನಿಮಗೆ ಬೇಕಾದ ಕಣಜ ನಿಮ್ಮ ಮರದಲ್ಲೇ ಇರುವಾಗ ದುಡ್ಡು ಯಾಕೆ ಕೊಡಬೇಕು? ತೋಟದಲ್ಲಿ ಎಲ್ಲೂ ಒಂದೂ ಕಪ್ಪು ಮರಿ ಸಿಗದಿದ್ದರೆ, ಓಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಯಾವ ಜಾತಿಯ ನೊಣ ಅಂತ ಅಲ್ಲಿ ಖಚಿತ ಮಾಡಿಕೊಂಡು ಮುಂದಿನದು ನೋಡೋಣ.

ಟೊಮೆಟೊ ಬಗ್ಗೆ ಮಾತ್ರ ನಾನು ಬೇರೆ ಮಾತು ಹೇಳಬೇಕು. ಅಲ್ಲಿ ಕಣಜವನ್ನು ನಂಬಿ ಕೂರಬೇಡಿ. ಅಲ್ಲಿಗೆ ಬರುವುದು ಬೆಮಿಸಿಯಾ ಎಂಬ ಇನ್ನೊಂದು ಬಿಳಿ ನೊಣ, ಬರೀ ಒಂದು ಮಿಲಿಮೀಟರಿನದು. ತೆಂಗಿನ ನೊಣ ಟೊಮೆಟೊಗೆ ಇಳಿದು ಬಂದಿದ್ದಲ್ಲ. ಬೆಮಿಸಿಯಾ ರಸ ಹೀರುವುದಕ್ಕಿಂತ ಎಲೆ ಮುದುರು ನಂಜು (ವೈರಸ್) ಹರಡುವುದೇ ದೊಡ್ಡ ತೊಂದರೆ. ನಂಜು ಹೊತ್ತ ಕೆಲವೇ ನೊಣ ಸಾಕು, ಸ್ವಲ್ಪ ಹೊತ್ತು ಹೀರಿದರೂ ಗಿಡ ಹೋಯಿತು. ಕಣಜಕ್ಕೆ ವಾರಗಟ್ಟಲೆ ಸಮಯ ಬೇಕು. ಆ ಓಟದಲ್ಲಿ ಕಣಜ ಗೆಲ್ಲುವುದಿಲ್ಲ. ಮುದುರಿದ ಗಿಡ ಸರಿಯಾಗುವುದಿಲ್ಲ. ಇವತ್ತೇ ಕಿತ್ತು ಮಣ್ಣಲ್ಲಿ ಹೂತುಬಿಡಿ. ಮುಂದಿನ ಸಲ ಸಸಿಯನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ನಂಜನ್ನು ತಡೆಯುವ ಶಕ್ತಿ ಇದೆ, ಅದನ್ನು ಹಾಕಿ. ಹಳದಿ ಅಂಟು ಕಾರ್ಡ್ ಟೊಮೆಟೊ ಪಾತಿಯಲ್ಲಿ ಒಂದೆರಡು ಇರಲಿ. ತೆಂಗಿನ ಮರದ ತುಂಬ ಕಟ್ಟಬೇಡಿ, ಅದಕ್ಕೆ ಕಣಜಗಳೂ ಅಂಟಿಕೊಂಡು ಸಾಯುತ್ತವೆ.

ಹಾಗಾಗಿ ಈ ವಾರ ನಿಮಗಿರುವ ಕೆಲಸ ಎರಡೇ. ಮುದುರಿದ ಟೊಮೆಟೊ ಕೀಳುವುದು, ತೆಂಗಿನ ಗರಿ ಇಳಿಸಿ ಎಣಿಸುವುದು. ಎಣಿಸಿದ ಮರಗಳಿಗೆ ಸುಣ್ಣದ ಗುರುತು ಹಾಕಿಡಿ. ಕಾಫಿ ಹೂ ಮುಗಿದು, ಏಪ್ರಿಲ್ ಕೊನೆಯಲ್ಲಿ ಅದೇ ಮರಗಳಲ್ಲಿ ಇನ್ನೊಮ್ಮೆ ಎಣಿಸಿ. ಎರಡೂ ಲೆಕ್ಕವನ್ನು ಬರೆದು ಕಳಿಸಿ. ಕಪ್ಪು ಏರಿದ್ದರೆ ಮಳೆಗಾಲದ ತನಕ ಸುಮ್ನೆ ಬಿಡೋಣ. ಏರದಿದ್ದರೆ ಬೇವಿನ ಎಣ್ಣೆ ಯಾವ ಮರಕ್ಕೆ, ಯಾವಾಗ ಅಂತ ಆಗ ಕೂತು ಯೋಚಿಸೋಣ.